ವಿಷಾದದೊಂದಿಗೆ ವಾಪಸ್

ಕೊಂಬುವಿನ ಹನ್ನೊಂದನೆಯ ಕಥೆಯೂ ಸಂಪಾದಕಿಯ ಮೇಜಿನಿಂದ ನೆಟ್ಟಗೆ ಅವಳ ಮೇಜಿಗೇ ವಾಪಸ್ ಬಂತು. ಕಥೆಗಳಿಗೇ ಹೆಸರಾದ ಮಹಿಳಾ ಮಾಸಪತ್ರಿಕೆ ಅದು. ಒಂಬತ್ತು ವರ್ಷದಿಂದ ಕಂಡವರ ಕಥೆಗಳಿಗೆ ಬಿಟ್ಟುಹೋದ ಕೊಂಬು, ದೀರ್ಘ ಹಾಕಿ ಹಾಕಿ ಈ ಪ್ರೂಫ್ ರೀಡರಿಗೆ ‘ಕೊಂಬು’ ಎಂಬ ಅಡ್ಡಹೆಸರು ಬಂದಿತ್ತೇ ಹೊರತು, ಸ್ವಂತ ಹೆಸರು ಅಲ್ಲಿ ಒಮ್ಮೆಯೂ ಅಚ್ಚಾಗಿರಲಿಲ್ಲ. ಈ ಸಲ ಕೆಂಪು ಶಾಯಿಯ ಷರಾ ಹೀಗಿತ್ತು: "ನಾಯಕಿ ಎರಡು ಪುಟ ಅಳುತ್ತಾಳೆ. ಕೈಗೊಂದು ಕರವಸ್ತ್ರ ಕೊಟ್ಟು ಕಥೆ ಮುಗಿಸಬಹುದಿತ್ತು."

"ಪತ್ರಿಕೆಗೆ ಐವತ್ತು ತುಂಬ್ತಿದೆ, ಅದರ ಇತಿಹಾಸ ನೀನೇ ಬರಿ. ಹಳೇ ಸಂಚಿಕೆ ಓದಿದ್ರೆ ಕಥೆ ಅಂದ್ರೇನು ಅಂತಾನೂ ತಿಳಿಯುತ್ತೆ," ಎಂದರು ಸಂಪಾದಕಿ.

ಬೈಂಡು ಹಾಕಿದ ಸಂಪುಟಗಳ ಧೂಳು ಕುಡಿಯುತ್ತ ಕೂತವಳಿಗೆ ನಾಲ್ಕನೆಯ ದಿನ ನಿಧಿಯೇ ಸಿಕ್ಕಿತು. ನಲವತ್ತು ವರ್ಷದ ಹಿಂದೆ, ಕಾಲೇಜು ಹುಡುಗಿಯಾಗಿದ್ದಾಗ, ಸಂಪಾದಕಿ ಬರೆದ ಮೊಟ್ಟಮೊದಲ ಕಥೆ. ಬರೆದವರ ಹೆಸರಿನ ಮೇಲೆ ಕಾಗದದ ಪಟ್ಟಿ ಅಂಟಿಸಿಯೇ ಕಥೆಗಳನ್ನು ಅವರ ಮುಂದಿಡುವುದು ಆ ಕಚೇರಿಯ ವಾಡಿಕೆ. ಷರಾ ಬರೆದಾದ ಮೇಲಷ್ಟೇ ಪಟ್ಟಿ ಕೀಳುವುದು. ಕೊಂಬು ಶೀರ್ಷಿಕೆ ಬದಲಿಸಿದಳು, ನಾಯಕಿಯ ಹೆಸರು ಬದಲಿಸಿದಳು, ಬರೆದವರ ಹೆಸರನ್ನು ಮಾತ್ರ ಮುಟ್ಟಲಿಲ್ಲ.

ಅದನ್ನು ಹೊಸದಾಗಿ ಟೈಪು ಮಾಡಿಕೊಟ್ಟ ಕಚೇರಿಯ ಟೈಪಿಸ್ಟ್ ಅಕ್ಕ, ಕೆಲಸ ಹೋಗುತ್ತೆ ಕಣೇ ಎಂದು ಹೆದರಿಸಿದಳು. ಕೊಂಬು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಥೇಟ್ ಸಂಪಾದಕಿಯ ದನಿಯಲ್ಲಿ, "ವಿಷಾದದೊಂದಿಗೆ ವಾಪಸ್," ಎಂದಳು.

ಸೋಮವಾರದ ಮೀಟಿಂಗಿನಲ್ಲಿ ಸಂಪಾದಕಿ ಆ ಕಥೆ ಓದಿ, ಷರಾ ಬರೆದು, ಗಟ್ಟಿಯಾಗಿ ಒಪ್ಪಿಸಿದರು: "ನಾಯಕಿ ಮೂರು ಸಲ ಮೂರ್ಛೆ ಹೋಗುತ್ತಾಳೆ. ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ನಮಗೆ ಕಳಿಸಿ."

ಪಟ್ಟಿ ಕಿತ್ತರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಅವರದೇ ಹೆಸರು.

"ಯಾರ ಕೆಲಸ ಇದು?"

ಕೊಂಬು ಎದ್ದು ನಿಂತಳು. "ನಂದೇ ಮೇಡಂ. ಹಳೇ ಸಂಚಿಕೆ ಓದಿ ಕಲಿ ಅಂದಿದ್ರಲ್ಲ..."

ಮೊದಲು ಸಂಪಾದಕಿಯ ಮೂಗಿನಲ್ಲೊಂದು ಗೊರಕೆಯಂಥ ಸದ್ದು ಬಂತು. ಆಮೇಲೆ ಅವರ ನಗುವಿಗೆ ಮೇಜೇ ಅಲುಗಾಡಿತು. ಅಕ್ಕ ನಕ್ಕಳು, ಕೊಂಬುವೂ ನಕ್ಕಳು. ಇಬ್ಬರ ನಗು ಸೇರಿಸಿದರೂ ಸಂಪಾದಕಿಯ ಅರ್ಧಕ್ಕೆ ಬರಲಿಲ್ಲ.

"ಇತಿಹಾಸ ಇಲ್ಲಿಂದ್ಲೇ ಶುರು ಮಾಡು," ಎಂದರು ಏದುಸಿರು ಬಿಡುತ್ತ. "ನನ್ನ ಕಥೆ, ನನ್ನ ಷರಾ ಎರಡೂ ಹಾಕು. ನಿನ್ನ ಕಿತಾಪತೀನೂ ಬರಿ, ಕೆಳಗೆ ನಿನ್ನ ಹೆಸರಿರ್ಲಿ."

ನಕ್ಕೂ ನಕ್ಕೂ ಅವರ ಕಣ್ಣಲ್ಲಿ ಎರಡು ಪುಟಕ್ಕಾಗುವಷ್ಟು ನೀರು. ಕೊಂಬು ತನ್ನ ಕರವಸ್ತ್ರ ಚಾಚಿದಳು.

ಸಂಪಾದಕಿ ಅದನ್ನು ಕಣ್ಣಿಗೊತ್ತಿಕೊಂಡು, "ಹಾಂ, ಇಲ್ಲಿಗೇ ಮುಗಿಸು," ಎಂದರು.