ಮಹಡಿಯ ಮನೆ ಬಾಡಿಗೆಗಿದೆ

ವೋಟು ಕೇಳಲು ಬಂದವರನ್ನೆಲ್ಲ ಪದ್ಮನಾಭಯ್ಯ ಗೇಟಿನಲ್ಲೇ ತಡೆದು, "ಗರ್ಭಪಾತ ನಿಲ್ಲಿಸ್ತೀರಾ? ಹಾಗಿದ್ರೆ ಮಾತ್ರ ನನ್ನ ವೋಟು," ಎನ್ನುತ್ತಿದ್ದರು. ಹೊಟ್ಟೆಯಲ್ಲಿರುವುದೂ ದೇವರು ಕೊಟ್ಟ ಜೀವ, ತಪ್ಪು ಮಾಡಿದವರು ಹೊಣೆ ಹೊರಲೇಬೇಕು ಎಂದು ಬಡಾವಣೆಯ ಸಭೆಯಲ್ಲೂ ಮೇಜು ಕುಟ್ಟಿ ಹೇಳಿದ್ದರು.

ಭಾನುವಾರ ಮಹಡಿಯ ಮನೆ ನೋಡಲು ಒಬ್ಬ ಹುಡುಗಿ ಬಂದಳು.

"ಎಷ್ಟು ಜನ ಇರ್ತೀರಮ್ಮ?"

"ಸದ್ಯಕ್ಕೆ ಒಬ್ಬಳೇ ಸಾರ್. ಯುಗಾದಿ ಹೊತ್ತಿಗೆ ಮಗು ಬರುತ್ತೆ."

"ಸಂತೋಷ! ಯಜಮಾನ್ರು ಎಲ್ಲಿದ್ದಾರೆ?"

"ಮದುವೆ ಆಗಿಲ್ಲ ಸಾರ್. ತೆಗೆಸೋಕೆ ಅಂತಲೇ ಹೊರಟಿದ್ದೆ. ಸಭೆಯಲ್ಲಿ ನಿಮ್ಮ ಮಾತು ಕೇಳಿ ಉಳಿಸಿಕೊಂಡೆ. ಮನೆಯವರು ಆಚೆ ಹಾಕಿದ್ರು. ನೀವಂತೂ ಇಲ್ಲ ಅನ್ನಲ್ಲ ಅಂತ ಬಂದೆ."

ಪದ್ಮನಾಭಯ್ಯನವರ ಕಣ್ಣು ತುಂಬಿ ಬಂತು. ಅವಳ ತಲೆಯ ಮೇಲೆ ಕೈಯಿಟ್ಟು, ನೂರು ಕಾಲ ಬಾಳಲಿ ಕೂಸು ಎಂದು ಹರಸಿದರು. ಆಮೇಲೆ ಬೀಗದ ಕೈಯನ್ನು ಮೆಲ್ಲಗೆ ಜೇಬಿಗಿಳಿಸಿದರು.

"ಕೆಳಗೆ ನಾವು ಸಂಸಾರಸ್ಥರು ನೋಡಮ್ಮ. ಅಕ್ಕಪಕ್ಕದವರು ಏನಂದಾರು?"

"ಹಾಗಾದ್ರೆ ನಾನೆಲ್ಲಿಗೆ ಹೋಗ್ಲಿ ಸಾರ್?"

ಪಾಪ ಅನ್ನಿಸಿತು ಅವರಿಗೆ. ದನಿ ತಗ್ಗಿಸಿ ಹೇಳಿದರು:

"ಎರಡು ತಿಂಗಳು ಮೊದಲೇ ಬಂದು ಕೇಳಿದ್ರೆ, ನನ್ನ ಪರಿಚಯದ ಡಾಕ್ಟರೇ ಇದ್ರಲ್ಲಮ್ಮ!"