ನೆರೆಮನೆಯ ನೀರು

ಇಂಥ ಹೊಲಸಿನ ಸಂಗತಿ ಹೇಳಹೊರಟದ್ದಕ್ಕೆ ಕ್ಷಮೆಯಿರಲಿ. ಹಂದಿ ಸಾಕುವ ಲಾದ್ರು ಅಂದು ಗೊಬ್ಬರದ ಗುಂಡಿ ಖಾಲಿ ಮಾಡಿದಾಗ ಗೋಡೆಯ ಬಿರುಕು ಕಂಡಿತು. ಅದು ನೆರೆಮನೆಯ ಬಾವಿಯ ದಿಕ್ಕಿಗಿತ್ತು. ಹೇಳಿಬಿಡಬೇಕೆಂದು ಕೂಡಲೇ ಹೋದ.

ಆ ಮನೆಯ ಕಲ್ಯಾಣಿಯಕ್ಕ ಎಂದಿನಂತೆ ಬೆಲ್ಲ, ನೀರು ತಂದಿಟ್ಟಳು.

“ಕುಡಿ ಮಾರಾಯ, ಬಿಸಿಲಿಗೆ ಬಂದದ್ದಲ್ವಾ?”

ಬೇಡವೆನ್ನಲು ಬಾಯಿ ಬರಲಿಲ್ಲ. ಕಣ್ಣು ಮುಚ್ಚಿ ಕುಡಿದ.

“ಅಕ್ಕಾ, ಇನ್ನು ಈ ನೀರು ಕುಡಿಬೇಡಿ. ನನ್ನ ಗುಂಡಿ ಬಿರುಕು ಬಿಟ್ಟಿದೆ. ಹೊಲಸೆಲ್ಲ ನಿಮ್ಮ ಬಾವಿಗೆ ಇಳಿದಿರಬೇಕು.”

“ಹೆದರಬೇಡ, ಇದು ಆಚೆಮನೆಯಿಂದ ಹೊತ್ತು ತಂದದ್ದು. ನಮ್ಮ ಬಾವಿ ನೀರು ಕುಡಿಯದೆ ವರ್ಷ ಆಯ್ತು. ನಿನ್ನ ಹೊಟ್ಟೆಪಾಡಲ್ವಾ, ಹೇಗೆ ಹೇಳುವುದು ಅಂತ ಸುಮ್ಮನಿದ್ದೆವು.”

ಲಾದ್ರು ಅದಕ್ಕೆ ಏನೆಂದನೋ, ನನಗೆ ಗೊತ್ತಿಲ್ಲ.