ಬೆಕ್ಕು ಮಲಗುವ ಜಾಗ

ವಾರಿಜ ಮಗಳ ಬೆಕ್ಕನ್ನು ಮೂರನೆಯ ಸಲ ಪಶುವೈದ್ಯರ ಮೇಜಿನ ಮೇಲಿಟ್ಟಳು. ವೈದ್ಯರು ಅದರ ಬಾಯಿ ಬಿಡಿಸಿ ನೋಡಿದರು. ವಸಡು ಬಿಳಿಚಿಕೊಂಡಿತ್ತು.

“ಚಿಗಟಗಳು ರಕ್ತ ಎಲ್ಲಾ ಹೀರಿಬಿಟ್ಟಿವೆಯಮ್ಮ. ನಾನು ಕೊಟ್ಟ ಔಷಧಿ ಹಾಕಿದ್ರಾ?”

“ಹಾಕಿದೆ ಸಾರ್.”

“ಹಾಗಾದ್ರೆ ಮನೇಲೇ ಎಲ್ಲೋ ಮರಿ ಆಗ್ತಿವೆ. ಇದು ಎಲ್ಲಿ ಮಲಗುತ್ತೆ?”

“ಮಗಳ ಹಾಸಿಗೇಲಿ.”

“ಆ ಬಟ್ಟೆ ಎಲ್ಲಾ ಇವತ್ತೇ ಕುದಿಯೋ ನೀರಲ್ಲಿ ಹಾಕಿ ಒಗೀರಿ. ಇಲ್ದಿದ್ರೆ ಬೆಕ್ಕು ಉಳಿಯಲ್ಲ. ಮಗಳಿಗೂ ಹೇಳಿ, ಇದನ್ನ ಪಕ್ಕದಲ್ಲಿ ಮಲಗಿಸ್ಕೋಬೇಡ ಅಂತ.”

“ಸರಿ ಸಾರ್.”

ಮನೆಗೆ ಬಂದವಳೇ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿದಳು. ಹಾಸಿಗೆಯ ಬಟ್ಟೆಗಳನ್ನೆಲ್ಲ ಬಚ್ಚಲಿಗೆ ತಂದು ಹಾಕಿದಳು. ಮಗಳು ತೀರಿಕೊಂಡು ಎಂಟು ತಿಂಗಳಾಗಿದ್ದರೂ ದಿಂಬಿನ ಕವರಿನಲ್ಲಿ ಅವಳ ತಲೆಯೆಣ್ಣೆಯ ವಾಸನೆ ಇನ್ನೂ ಇತ್ತು. ವಾರಿಜ ಅದನ್ನೇ ಮೊದಲು ಮುಳುಗಿಸಿದಳು.